ಚಿಕ್ಕ ಟ್ರಾಕ್ಟರಿನ ಎಣ್ಣೆ: ಒಂದು ದ್ರವ, ಹಲವು ಕೆಲಸ

ಟ್ರಾಕ್ಟರಿನ ಹಿಂಬದಿಗೆ ಕಟ್ಟಿದ ನೇಗಿಲನ್ನು ಎತ್ತಬೇಕಾದರೆ ಚಾಲಕನು ಸಣ್ಣದೊಂದು ಹಿಡಿಕೆಯನ್ನು ಎರಡು ಬೆರಳುಗಳಿಂದ ಸರಿಸಿದರೆ ಸಾಕು. ನಾಲ್ಕಾರು ಜನ ಕೂಡಿ ಎತ್ತಬೇಕಾದ ಭಾರವು ಒಂದೆರಡು ಕ್ಷಣಗಳಲ್ಲಿ ನೆಲ ಬಿಟ್ಟು ಮೇಲೇಳುತ್ತದೆ. ಈ ಕೆಲಸವನ್ನು ಮಾಡುವುದು ಸರಪಣಿಯೂ ಅಲ್ಲ, ಹಗ್ಗವೂ ಅಲ್ಲ; ಉಕ್ಕಿನ ಕೊಳವೆಗಳೊಳಗೆ ಅಡಗಿರುವ ಎಣ್ಣೆ. ಟ್ರಾಕ್ಟರಿನ ಅಂಗಗಳನ್ನು ಹೆಸರಿಸುವಾಗ ನಾವು ಎಂಜಿನ್ನನ್ನೂ ಚಕ್ರಗಳನ್ನೂ ಹಲ್ಲುಚಕ್ರಗಳನ್ನೂ ಎಣಿಸುತ್ತೇವೆಯೇ ಹೊರತು ಈ ಎಣ್ಣೆಯನ್ನು ಒಂದು ಅಂಗವೆಂದು ಎಣಿಸುವುದಿಲ್ಲ. ಆದರೆ ಯಂತ್ರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅದೂ ಒಂದು ಅಂಗವೇ. ತಪ್ಪು ಎಣ್ಣೆಯನ್ನು ಸುರಿಯುವುದೆಂದರೆ ತಪ್ಪು ಅಳತೆಯ ಹಲ್ಲುಚಕ್ರವನ್ನು ಕೂಡಿಸಿದಂತೆಯೇ.

ಈ ಮಾತು ಚಿಕ್ಕ ಟ್ರಾಕ್ಟರುಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಹದಿನೈದರಿಂದ ಮೂವತ್ತು ಅಶ್ವಶಕ್ತಿಯ ಈ ಯಂತ್ರಗಳು ದ್ರಾಕ್ಷಿಯ ಚಪ್ಪರದ ನಡುವೆಯೂ ಕಬ್ಬಿನ ಸಾಲುಗಳ ನಡುವೆಯೂ ಅಡಕೆಯ ತೋಟದಲ್ಲಿಯೂ ನುಗ್ಗಬಲ್ಲವು. ಮೈ ಕಿರಿದಾಗಿರುವುದರಿಂದ ಇವುಗಳಲ್ಲಿ ಬಹುತೇಕ ಒಂದೇ ತೊಟ್ಟಿಯ ಎಣ್ಣೆ ಹಲವು ಕೆಲಸಗಳನ್ನು ಮಾಡಬೇಕಾಗುತ್ತದೆ. ಇಂಥ ಯಂತ್ರಕ್ಕೆ ಯಾವ ಎಣ್ಣೆ ತಕ್ಕದ್ದು? ಅಂಗಡಿಯವನ ಮಾತಿನಿಂದಾಗಲಿ ಡಬ್ಬಿಯ ಬಣ್ಣದಿಂದಾಗಲಿ ಈ ಪ್ರಶ್ನೆಗೆ ಉತ್ತರ ದೊರೆಯದು. ಎಣ್ಣೆ ಏನೇನು ಮಾಡುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಆಯ್ಕೆಯ ನಿಯಮಗಳು ಅದರಿಂದ ತಾವಾಗಿಯೇ ಹೊರಬರುವುವು.

1. ಒತ್ತಡದ ಹರಡಿಕೆ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಡವನ್ನು ಹೆಚ್ಚಿಸಿದರೆ ಆ ಹೆಚ್ಚಳವು ದ್ರವದ ಎಲ್ಲ ಭಾಗಗಳಿಗೂ ಸಮನಾಗಿ ಹರಡುತ್ತದೆ. ಇದು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ (1623–1662) ಹೇಳಿದ ನಿಯಮವೆಂಬುದು ವಿದ್ಯಾರ್ಥಿಗಳಿಗೆ ತಿಳಿದಿದೆಯಷ್ಟೆ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮ ಎಂಬುವನು ಇದೇ ತತ್ತ್ವದ ಮೇಲೆ ದ್ರವದ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದನು. ಟ್ರಾಕ್ಟರಿನಲ್ಲಿ ಈ ತತ್ತ್ವವನ್ನು ಬೇಸಾಯದ ಉಪಕರಣಕ್ಕೆ ಚೆನ್ನಾಗಿ ಹೊಂದಿಸಿ ಬಳಕೆಗೆ ತಂದವನು ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗುಸನ್. ಅವನು ರೂಪಿಸಿದ ಮೂರು ಬಿಂದುಗಳ ಜೋಡಣೆ 1936ರ ಫರ್ಗುಸನ್-ಬ್ರೌನ್ ಟ್ರಾಕ್ಟರಿನಲ್ಲಿಯೂ 1939ರ ಫೋರ್ಡ್-ಫರ್ಗುಸನ್ ಟ್ರಾಕ್ಟರಿನಲ್ಲಿಯೂ ಕಾಣಿಸಿಕೊಂಡಿತು. ಇಂದು ನಮ್ಮ ಹೊಲಗಳಲ್ಲಿ ಓಡಾಡುವ ಟ್ರಾಕ್ಟರುಗಳ ಹಿಂಬದಿಯಲ್ಲಿರುವುದು ಅದೇ ಜೋಡಣೆ.

ಉದಾಹರಣೆಗೆ ಒಂದು ಲೆಕ್ಕವನ್ನು ಮಾಡೋಣ. ಎತ್ತುವ ಸಿಲಿಂಡರಿನ ಒಳವ್ಯಾಸ 7 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಪಿಸ್ಟನ್ನಿನ ಮುಖದ ವಿಸ್ತೀರ್ಣ ಸುಮಾರು 38.5 ಚದರ ಸೆಂಟಿಮೀಟರು. ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ ಆದರೆ ಪಿಸ್ಟನ್ನಿನ ಮೇಲೆ ಬೀಳುವ ಬಲ 38.5 × 150, ಎಂದರೆ 5,775 ಕಿಲೋಗ್ರಾಂ ಭಾರಕ್ಕೆ ಸಮ. ಪಿಸ್ಟನ್ನು 10 ಸೆಂಟಿಮೀಟರು ಸರಿದಾಗ ಸನ್ನೆಗಳ ಮೂಲಕ ನೇಗಿಲು 60 ಸೆಂಟಿಮೀಟರು ಮೇಲೇಳುವುದಾದರೆ, ದೂರ ಆರು ಪಟ್ಟು ಹೆಚ್ಚಿದಂತೆ ಬಲ ಆರು ಪಟ್ಟು ಕಡಿಮೆಯಾಗಬೇಕು. ಆದುದರಿಂದ ಘರ್ಷಣೆಯನ್ನು ಗಣನೆಗೆ ತಾರದಿದ್ದರೆ ಸುಮಾರು 960 ಕಿಲೋಗ್ರಾಂ ಭಾರವನ್ನು ಎತ್ತಬಹುದು.

ಇನ್ನು ವೇಗದ ಲೆಕ್ಕ. ಪಂಪು ನಿಮಿಷಕ್ಕೆ 20 ಲೀಟರು ಎಣ್ಣೆಯನ್ನು ದೂಡುತ್ತದೆಯೆಂದರೆ ಸೆಕೆಂಡಿಗೆ 333 ಘನ ಸೆಂಟಿಮೀಟರು ಆಯಿತು. ಸಿಲಿಂಡರನ್ನು ತುಂಬಲು ಬೇಕಾದದ್ದು 38.5 × 10, ಎಂದರೆ 385 ಘನ ಸೆಂಟಿಮೀಟರು. ಒಂದು ಸೆಕೆಂಡಿಗಿಂತ ತುಸು ಹೆಚ್ಚು ಕಾಲದಲ್ಲಿ ನೇಗಿಲು ಮೇಲೆ ಬರುತ್ತದೆ. ಇಷ್ಟೆಲ್ಲ ನಡೆಯುವುದು ದ್ರವವು ಕುಗ್ಗದೆ ಇರುವುದರಿಂದ. ಮೇಲೆ ಹೇಳಿದ ಒತ್ತಡದಲ್ಲಿ ಎಣ್ಣೆಯ ಗಾತ್ರ ನೂರಕ್ಕೆ ಸುಮಾರು ಒಂದು ಪಾಲಿನಷ್ಟು ಮಾತ್ರ ಕುಗ್ಗುತ್ತದೆ.

ಒತ್ತಡವನ್ನು ಸಾಗಿಸುವುದೊಂದೇ ಕೆಲಸವಾಗಿದ್ದರೆ ನೀರೂ ಸಾಕಾಗುತ್ತಿತ್ತು. ಮೊದಮೊದಲ ಒತ್ತುಯಂತ್ರಗಳಲ್ಲಿ ನೀರನ್ನೇ ಬಳಸುತ್ತಿದ್ದರು. ಆದರೆ ನೀರು ಉಕ್ಕಿಗೆ ತುಕ್ಕು ಹಿಡಿಸುತ್ತದೆ, ಉಜ್ಜುವ ಭಾಗಗಳನ್ನು ರಕ್ಷಿಸುವುದಿಲ್ಲ, ಸಣ್ಣ ಸಂದುಗಳಿಂದ ಸರಾಗವಾಗಿ ಜಾರಿಹೋಗುತ್ತದೆ. ಈ ಕೊನೆಯ ದೋಷವು ನಮ್ಮನ್ನು ಎಣ್ಣೆಯ ಮುಖ್ಯ ಗುಣಕ್ಕೆ ಕರೆದೊಯ್ಯುತ್ತದೆ.

2. ಸ್ನಿಗ್ಧತೆ

ಹರಿಯುವಾಗ ದ್ರವವು ಒಡ್ಡುವ ಒಳಗಿನ ಪ್ರತಿರೋಧಕ್ಕೆ ಸ್ನಿಗ್ಧತೆಯೆಂದು ಹೆಸರು. ನೀರು ಥಟ್ಟನೆ ಸುರಿಯುತ್ತದೆ. ಜೋನಿಬೆಲ್ಲ ಎಳೆಎಳೆಯಾಗಿ ಇಳಿಯುತ್ತದೆ. ಎಣ್ಣೆಗಳ ಸ್ನಿಗ್ಧತೆಯನ್ನು ಸೆಂಟಿಸ್ಟೋಕ್ ಎಂಬ ಮಾನದಲ್ಲಿ ಅಳೆಯುವ ವಾಡಿಕೆಯುಂಟು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನದು ಸುಮಾರು 1 ಸೆಂಟಿಸ್ಟೋಕ್. ಐ.ಎಸ್.ಓ. ವಿ.ಜಿ. 46 ಎಂದು ಗುರುತಿಸಿದ ಎಣ್ಣೆಯದು 40 ಡಿಗ್ರಿಯಲ್ಲಿ ಸುಮಾರು 46. ಡಬ್ಬಿಯ ಮೇಲೆ ಕಾಣುವ 32, 46, 68 ಎಂಬ ಅಂಕಿಗಳು 40 ಡಿಗ್ರಿಯಲ್ಲಿ ಎಣ್ಣೆಗಿರಬೇಕಾದ ಸ್ನಿಗ್ಧತೆಯನ್ನೇ ಸೂಚಿಸುತ್ತವೆ. ನೂರಕ್ಕೆ ಹತ್ತರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ.

ಪಂಪಿನ ಹಲ್ಲುಚಕ್ರಕ್ಕೂ ಅದರ ಕವಚಕ್ಕೂ ನಡುವೆ ಕೂದಲಿಗಿಂತ ಬಹಳ ಕಿರಿದಾದ ಸಂದು ಇದ್ದೇ ಇರುತ್ತದೆ. ಇಲ್ಲದಿದ್ದರೆ ಚಕ್ರ ತಿರುಗಲಾರದು. ಒತ್ತಡಕ್ಕೆ ಸಿಕ್ಕಿದ ಎಣ್ಣೆಯಲ್ಲಿ ಒಂದಂಶ ಈ ಸಂದಿನಿಂದ ಹಿಂದಕ್ಕೆ ಸೋರುತ್ತದೆ. ಸ್ನಿಗ್ಧತೆ ಅರ್ಧವಾದರೆ ಸೋರಿಕೆ ಎರಡರಷ್ಟಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಮೂರರಲ್ಲಿ ಒಂದು ಪಾಲು ಎಣ್ಣೆ ಹೀಗೆ ಹಿಂದಿರುಗಿತೆಂದರೆ ನೇಗಿಲು ಏಳಲು ಒಂದೂಮುಕ್ಕಾಲು ಸೆಕೆಂಡು ಬೇಕಾಗುತ್ತದೆ. ತಡವಾಗುವುದಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಾಗಿತ್ತು. ಆ ಪಂಪು ಪೂರ್ಣ ಒತ್ತಡದಲ್ಲಿ ಸಾಗಿಸುವ ಸಾಮರ್ಥ್ಯ ಸುಮಾರು 4.9 ಕಿಲೋವ್ಯಾಟ್, ಎಂದರೆ ಆರೂವರೆ ಅಶ್ವಶಕ್ತಿ. ಅದರ ಮೂರನೆಯ ಒಂದು ಪಾಲು ಕೆಲಸ ಮಾಡದೆ ಶಾಖವಾಗಿ ಪರಿಣಮಿಸುತ್ತದೆ. ಶಾಖದಿಂದ ಎಣ್ಣೆ ಮತ್ತಷ್ಟು ತೆಳುವಾಗುತ್ತದೆ. ತೆಳುವಾದ ಎಣ್ಣೆ ಮತ್ತಷ್ಟು ಸೋರುತ್ತದೆ. ಇದೊಂದು ವಿಷವರ್ತುಲ.

ಹಾಗಾದರೆ ಮಂದವಾದ ಎಣ್ಣೆಯನ್ನೇ ಹಾಕಬಾರದೇಕೆ? ಪಂಪು ಎಣ್ಣೆಯನ್ನು ತೊಟ್ಟಿಯಿಂದ ತಾನೇ ಹೀರಿಕೊಳ್ಳಬೇಕಾಗಿರುವುದನ್ನು ಮರೆಯಬಾರದು. ಹೀರಿಕೆಗೆ ಒದಗುವ ಒತ್ತಡ ಹೆಚ್ಚೆಂದರೆ ವಾಯುಮಂಡಲದ ಒತ್ತಡದಷ್ಟು. ಎಣ್ಣೆ ತೀರ ಮಂದವಾಗಿದ್ದರೆ ಪಂಪಿನ ಬಾಯಿ ಪೂರ್ತಿಯಾಗಿ ತುಂಬದೆ ಅಲ್ಲಲ್ಲಿ ಆವಿಯ ಮತ್ತು ಗಾಳಿಯ ಗುಳ್ಳೆಗಳು ಹುಟ್ಟುತ್ತವೆ. ಇವು ಒತ್ತಡದ ಭಾಗಕ್ಕೆ ಬಂದೊಡನೆ ಕುಸಿದು ಲೋಹದ ಮೈಯನ್ನು ಚುಚ್ಚಿ ಕಿತ್ತುಹಾಕುತ್ತವೆ. ಡಬ್ಬಿಯಲ್ಲಿ ಕಲ್ಲುಗಳನ್ನು ಅಲುಗಿಸಿದಂಥ ಸದ್ದು ಪಂಪಿನಿಂದ ಕೇಳಿಸಿದರೆ ಇದೂ ಒಂದು ಕಾರಣವಾಗಿರಬಹುದು.

3. ಉಷ್ಣತೆಯೊಡನೆ ಬದಲಾಗುವ ಗುಣ

ಎಣ್ಣೆಯ ಸ್ನಿಗ್ಧತೆ ಸ್ಥಿರವಾದ ಸಂಖ್ಯೆಯಲ್ಲ. ಸಾಮಾನ್ಯ ಖನಿಜ ಎಣ್ಣೆಯೊಂದರ ಸ್ನಿಗ್ಧತೆ 40 ಡಿಗ್ರಿಯಲ್ಲಿ 46 ಇದ್ದರೆ, 15 ಡಿಗ್ರಿಯಲ್ಲಿ ಅದು ಸುಮಾರು 185ಕ್ಕೆ ಏರುತ್ತದೆ. 80 ಡಿಗ್ರಿಯಲ್ಲಿ 11ಕ್ಕೆ, 100 ಡಿಗ್ರಿಯಲ್ಲಿ 7ಕ್ಕೆ ಇಳಿಯುತ್ತದೆ. ಕೊಡಗಿನಲ್ಲಿ ಚಳಿಗಾಲದ ಬೆಳಗಿನ ಹೊತ್ತು ಟ್ರಾಕ್ಟರನ್ನು ಹೊರಡಿಸುವವನಿಗೆ ದೊರೆಯುವ ಎಣ್ಣೆಯೂ, ರಾಯಚೂರಿನ ಬೇಸಗೆಯಲ್ಲಿ ಮಧ್ಯಾಹ್ನದವರೆಗೆ ದುಡಿದ ಟ್ರಾಕ್ಟರಿನೊಳಗಿನ ಎಣ್ಣೆಯೂ ಒಂದೇ ಡಬ್ಬಿಯಿಂದ ಬಂದಿದ್ದರೂ ಬೇರೆಬೇರೆ ದ್ರವಗಳಂತೆ ವರ್ತಿಸುತ್ತವೆ. ಕೆಲಸದ ವೇಳೆಯಲ್ಲಿ ಎಣ್ಣೆಯ ಸ್ನಿಗ್ಧತೆ ಸುಮಾರು 10ಕ್ಕಿಂತ ಕೆಳಗೆ ಇಳಿಯಬಾರದೆಂಬುದು ಪಂಪುಗಳ ವಿಷಯದಲ್ಲಿ ಸಾಮಾನ್ಯವಾಗಿ ಪಾಲಿಸುವ ಮಿತಿ.

ಉಷ್ಣತೆಯೊಡನೆ ಎಣ್ಣೆ ಎಷ್ಟು ಬದಲಾಗುತ್ತದೆಂಬುದನ್ನು ಒಂದೇ ಸಂಖ್ಯೆಯಿಂದ ಹೇಳುವ ಕ್ರಮವನ್ನು 1929ರಲ್ಲಿ ಅಮೆರಿಕದ ಡೀನ್ ಮತ್ತು ಡೇವಿಸ್ ಎಂಬುವರು ಸೂಚಿಸಿದರು. ಆಗ ದೊರೆಯುತ್ತಿದ್ದ ಎಣ್ಣೆಗಳಲ್ಲಿ ಅತ್ಯಲ್ಪವಾಗಿ ಬದಲಾಗುತ್ತಿದ್ದ ಪೆನ್ಸಿಲ್ವೇನಿಯದ ಎಣ್ಣೆಗೆ 100 ಎಂದೂ, ಬಹಳವಾಗಿ ಬದಲಾಗುತ್ತಿದ್ದ ಗಲ್ಫ್ ತೀರದ ಎಣ್ಣೆಗೆ 0 ಎಂದೂ ಅವರು ಬೆಲೆ ಕಟ್ಟಿದರು. ಇದೇ ಸ್ನಿಗ್ಧತಾಸೂಚಿ. ಈಗಿನ ಶುದ್ಧೀಕರಣ ವಿಧಾನಗಳಿಂದಲೂ ಎಣ್ಣೆಗೆ ಬೆರೆಸುವ ದೀರ್ಘಾಣುಗಳ ನೆರವಿನಿಂದಲೂ ನೂರನ್ನು ಮೀರಿದ ಸೂಚಿ ಸಾಮಾನ್ಯವಾಗಿದೆ. ಹಗಲಿರುಳುಗಳ ಉಷ್ಣತೆಯಲ್ಲಿ ಹೆಚ್ಚು ಅಂತರವಿರುವ ಊರಿನವರು ಈ ಸಂಖ್ಯೆಯನ್ನು ಗಮನಿಸುವುದು ಒಳ್ಳೆಯದು.

ಈ ಗುಣವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಗಾಜಿನ ಸೀಸೆಗಳಲ್ಲಿ ಬೇರೆಬೇರೆ ಎಣ್ಣೆಗಳನ್ನು ತುಂಬಿ, ಮೇಲೆ ಸಮನಾದ ಸ್ವಲ್ಪ ಜಾಗವನ್ನು ಬಿಟ್ಟು ಬಿರಟೆ ಹಾಕಿರಿ. ಸೀಸೆಗಳನ್ನು ತಲೆಕೆಳಗು ಮಾಡಿದಾಗ ಗಾಳಿಯ ಗುಳ್ಳೆ ಮೇಲಕ್ಕೇರಲು ಹಿಡಿಯುವ ಕಾಲವನ್ನು ಗಡಿಯಾರದಿಂದ ಅಳೆಯಿರಿ. ಅನಂತರ ಎರಡನ್ನೂ ತಣ್ಣೀರಿನಲ್ಲಿ ಅರ್ಧ ಗಂಟೆ, ಆಮೇಲೆ ಕೈ ಸಹಿಸುವಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು ಪುನಃ ಅಳೆಯಿರಿ. ಯಾವ ಎಣ್ಣೆ ಹೆಚ್ಚು ಮಂದ, ಯಾವುದು ಉಷ್ಣತೆಗೆ ಹೆಚ್ಚು ಬಾಗುತ್ತದೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ. ಇವು ಬೇರೆಬೇರೆ ಪ್ರಶ್ನೆಗಳೆಂಬುದೇ ಈ ಪ್ರಯೋಗದ ಪಾಠ.

4. ಒಂದೇ ತೊಟ್ಟಿಯ ಎಣ್ಣೆ

ಕಾರ್ಖಾನೆಯ ಒತ್ತುಯಂತ್ರದ ಎಣ್ಣೆಗೆ ಇಷ್ಟು ಗುಣಗಳಿದ್ದರೆ ಬಹುಮಟ್ಟಿಗೆ ಸಾಕು. ಟ್ರಾಕ್ಟರಿನ ಎಣ್ಣೆಗೆ ಸಾಲದು. ಹಲವು ಚಿಕ್ಕ ಟ್ರಾಕ್ಟರುಗಳಲ್ಲಿ ಗೇರುಗಳು, ಹಿಂದಿನ ಚಕ್ರಗಳಿಗೆ ಬಲವನ್ನು ಹಂಚುವ ಡಿಫರೆನ್ಷಿಯಲ್ಲು, ಎತ್ತುವ ಪಂಪು, ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳು ಇವೆಲ್ಲವೂ ಒಂದೇ ಕವಚದೊಳಗೆ, ಒಂದೇ ಎಣ್ಣೆಯಲ್ಲಿ ಇರುತ್ತವೆ. ಗೇರುಗಳಿಗೆ ಬದಲಾಗಿ ಪಂಪು ಮತ್ತು ದ್ರವಚಾಲಿತ ಮೋಟಾರುಗಳಿಂದಲೇ ಚಕ್ರವನ್ನು ತಿರುಗಿಸುವ ಹೈಡ್ರೋಸ್ಟ್ಯಾಟಿಕ್ ಮಾದರಿಯ ಟ್ರಾಕ್ಟರುಗಳೂ ಉಂಟು. ಅವುಗಳ ಒಳಸಂದುಗಳು ಇನ್ನೂ ಸೂಕ್ಷ್ಮ.

ಗೇರಿನ ಹಲ್ಲುಗಳು ಒಂದನ್ನೊಂದು ಒತ್ತುವ ಜಾಗದಲ್ಲಿ ಎಣ್ಣೆಯ ಪದರ ಹರಿದುಹೋಗುವ ಸಂಭವವಿರುತ್ತದೆ. ಆಗ ಲೋಹ ಲೋಹವನ್ನು ತಾಗದಂತೆ ಕಾಪಾಡಲು ಸತು, ರಂಜಕ, ಗಂಧಕಗಳ ಸಂಯುಕ್ತಗಳನ್ನು ಎಣ್ಣೆಗೆ ಬೆರೆಸುತ್ತಾರೆ. ಇವು ಶಾಖದಿಂದ ಪ್ರೇರಿತವಾಗಿ ಲೋಹದ ಮೈಮೇಲೆ ತೆಳುವಾದ ರಕ್ಷಾಪೊರೆಯನ್ನು ಕಟ್ಟುತ್ತವೆ. ಇವಲ್ಲದೆ ತುಕ್ಕನ್ನು ತಡೆಯುವ, ನೊರೆಯನ್ನು ಒಡೆಯುವ, ಎಣ್ಣೆ ಹುಳಿಯದಂತೆ ನೋಡಿಕೊಳ್ಳುವ ಬೆರಕೆಗಳೂ ಬೇಕು.

5. ಹಿಡಿಯಬೇಕು, ಆದರೆ ಕಚ್ಚಬಾರದು

ಎಲ್ಲಕ್ಕಿಂತ ಕಠಿನವಾದ ಬೇಡಿಕೆ ಬ್ರೇಕಿನದು. ಎಣ್ಣೆಯಲ್ಲಿ ಮುಳುಗಿದ ಬ್ರೇಕಿನಲ್ಲಿ ಹಲವು ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಂಡು ಘರ್ಷಣೆಯಿಂದ ಚಕ್ರವನ್ನು ನಿಲ್ಲಿಸುತ್ತವೆ. ಎಣ್ಣೆಯ ಸ್ವಭಾವವಾದರೋ ಘರ್ಷಣೆಯನ್ನು ಕಡಿಮೆ ಮಾಡುವುದು! ಎಣ್ಣೆ ಅತಿಯಾಗಿ ಜಾರಿದರೆ ಬ್ರೇಕು ಹಿಡಿಯುವುದಿಲ್ಲ. ಬಿಲ್ಲೆಗಳು ನಿಲ್ಲುವ ಹೊತ್ತಿಗೆ ಘರ್ಷಣೆ ಒಮ್ಮೆಗೇ ಹೆಚ್ಚಾದರೆ ಅವು ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಡುಗುತ್ತವೆ. ಹಿಂಬದಿಯಿಂದ ಕರ್ಕಶವಾದ ಕಿರುಚು ಕೇಳುತ್ತದೆ, ಬಿಲ್ಲೆಗಳ ಪದರ ಬೇಗ ಸವೆಯುತ್ತದೆ. ಇವೆರಡರ ನಡುವಣ ಹದವನ್ನು ಘರ್ಷಣೆಯನ್ನು ನಿಯಂತ್ರಿಸುವ ವಿಶೇಷ ಬೆರಕೆಗಳು ಒದಗಿಸುತ್ತವೆ. ಕಾರ್ಖಾನೆಯ ಸಾಮಾನ್ಯ ಹೈಡ್ರಾಲಿಕ್ ಎಣ್ಣೆಯಲ್ಲಿ ಈ ಬೆರಕೆಗಳಿರುವುದಿಲ್ಲ. ಟ್ರೇಲರಿನ ತುಂಬ ಗೊಬ್ಬರ ಹೇರಿಕೊಂಡು ಮಲೆನಾಡಿನ ಇಳಿಜಾರಿನಲ್ಲಿ ಬರುವವನಿಗೆ ಈ ವ್ಯತ್ಯಾಸವು ಪುಸ್ತಕದ ಮಾತಲ್ಲ, ಪ್ರಾಣದ ಮಾತು.

ಗೇರು, ಬ್ರೇಕು, ಪಂಪುಗಳಿಗೆ ಒಟ್ಟಾಗಿ ಒಗ್ಗುವಂತೆ ತಯಾರಿಸಿದ ಎಣ್ಣೆಯನ್ನು ಯು.ಟಿ.ಟಿ.ಓ. ಎಂಬ ಸಂಕ್ಷಿಪ್ತ ನಾಮದಿಂದ ಕರೆಯುತ್ತಾರೆ. ಎಂಜಿನ್ನಿಗೂ ಸಲ್ಲುವಂತೆ ಮಾಡಿದ್ದನ್ನು ಎಸ್.ಟಿ.ಓ.ಯು. ಎನ್ನುವರು. ಈ ಹೆಸರುಗಳು ವರ್ಗವನ್ನು ತಿಳಿಸುತ್ತವೆಯೇ ಹೊರತು ಗುಣಮಟ್ಟಕ್ಕೆ ಹೊಣೆಯಾಗುವುದಿಲ್ಲ. ಟ್ರಾಕ್ಟರು ತಯಾರಕರು ಗೊತ್ತುಪಡಿಸಿದ ನಿರ್ದಿಷ್ಟ ಮಾನಕವನ್ನು ಆ ಎಣ್ಣೆ ಮುಟ್ಟುತ್ತದೆಯೇ ಎಂಬುದೇ ಮುಖ್ಯ.

6. ತಿಮಿಂಗಿಲದಿಂದ ಬಂದ ಒಂದು ಪಾಠ

ಮಾನಕದ ಹೆಸರಿನಿಂದಲೇ ಮೋಸವಾಗಬಹುದೆಂಬುದಕ್ಕೆ ಅಮೆರಿಕದಲ್ಲಿ ನಡೆದ ಸಂಗತಿ ನಿದರ್ಶನವಾಗಿದೆ. ಅಲ್ಲಿನ ಜಾನ್ ಡೀರ್ ಟ್ರಾಕ್ಟರುಗಳಿಗಾಗಿ ಹಿಂದೆ 303 ಎಂಬ ಅಂಕಿಯ ಮಾನಕವಿತ್ತು. ಬ್ರೇಕಿಗೆ ಬೇಕಾದ ಹದವನ್ನು ಕೊಡಲು ಆ ಎಣ್ಣೆಯಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ತಿಮಿಂಗಿಲಗಳ ಸಂತತಿ ನಶಿಸುತ್ತ ಬಂದುದರಿಂದ 1970ರ ದಶಕದ ಆರಂಭದಲ್ಲಿ ಅಮೆರಿಕದ ಕಾನೂನುಗಳು ಈ ವಸ್ತುವಿನ ಬಳಕೆಯನ್ನು ನಿಲ್ಲಿಸಿದವು. ಮಾನಕವೂ ಬಳಕೆ ತಪ್ಪಿತು. ಅದರ ಸ್ಥಾನದಲ್ಲಿ ಬೇರೆ ಮಾನಕಗಳು ಬಂದವು. ಆದರೆ 303 ಎಂಬ ಅಂಕಿ ಡಬ್ಬಿಗಳ ಮೇಲೆ ದಶಕಗಳ ಕಾಲ ಉಳಿದುಕೊಂಡಿತು. ಜಾರಿಯಲ್ಲಿಲ್ಲದ ಮಾನಕವನ್ನು ಪರೀಕ್ಷಿಸುವ ಬಗೆಯಿಲ್ಲವಾದ್ದರಿಂದ ಆ ಹೆಸರಿನಲ್ಲಿ ಏನನ್ನು ಮಾರಿದರೂ ನಡೆಯುವಂತಾಯಿತು. ಕೊನೆಗೆ 2017ರಲ್ಲಿ ಮಿಸ್ಸೂರಿ ಸಂಸ್ಥಾನದ ಕೃಷಿ ಇಲಾಖೆಯು 303 ಎಂಬ ಹೆಸರಿನ ಟ್ರಾಕ್ಟರು ಎಣ್ಣೆಗಳ ಮಾರಾಟವನ್ನು ತಡೆಯಿತು. ಡಬ್ಬಿಯ ಮೇಲೆ ಮಾನಕದ ಹೆಸರಿದ್ದರೆ ಸಾಲದು. ಆ ಮಾನಕ ಈಗಲೂ ಜಾರಿಯಲ್ಲಿರಬೇಕು.

7. ಒಂದರ ಬದಲು ಮತ್ತೊಂದು

ಕೈಗೆ ಸಿಕ್ಕಿದ ಎಣ್ಣೆಯನ್ನು ಸುರಿಯುವ ಆಸೆ ಸಹಜ. ಅದರ ಫಲವೇನೆಂಬುದನ್ನು ಒಂದೊಂದಾಗಿ ನೋಡೋಣ.

ಗೇರ್ ಆಯಿಲ್ 90 ಚಳಿಯಲ್ಲಿ ತೀರ ಮಂದವಾಗಿ ಪಂಪಿಗೆ ಉಸಿರುಕಟ್ಟಿಸುತ್ತದೆ. ಅದರಲ್ಲಿರುವ ಗಂಧಕದ ಸಂಯುಕ್ತಗಳು ಬಿಸಿಯಾದಾಗ ಹಿತ್ತಾಳೆ, ಕಂಚುಗಳ ಭಾಗಗಳನ್ನು ತಿನ್ನಬಲ್ಲವು. ಬ್ರೇಕಿನ ಬಿಲ್ಲೆಗಳಿಗೂ ಅದು ತಕ್ಕದ್ದಲ್ಲ. ಎಂಜಿನ್ ಆಯಿಲ್‌ನಲ್ಲಿ ಮಸಿಯನ್ನೂ ಕೊಳೆಯನ್ನೂ ತನ್ನಲ್ಲಿಯೇ ತೇಲಿಸಿಟ್ಟುಕೊಳ್ಳುವ ಬೆರಕೆಯಿದೆ. ಒಳಗೆ ಸೇರಿದ ನೀರನ್ನೂ ಅದು ಹಾಗೆಯೇ ಹಿಡಿದುಕೊಳ್ಳುತ್ತದೆ. ಬ್ರೇಕು ಹೊರಗಿರುವ ಕೆಲವು ಹಳೆಯ ಟ್ರಾಕ್ಟರುಗಳಿಗೆ ತಯಾರಕರೇ ಎಂಜಿನ್ ಆಯಿಲ್ಲನ್ನು ಸೂಚಿಸಿರುವುದುಂಟು. ಅವರು ಸೂಚಿಸಿದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಇನ್ನು ಮೋಟಾರು ವಾಹನಗಳ ಬ್ರೇಕಿನ ದ್ರವವನ್ನು ಎಂದಿಗೂ ಹಾಕಬಾರದು. ಅದು ಸಾಮಾನ್ಯವಾಗಿ ಗ್ಲೈಕಾಲ್ ವರ್ಗದ್ದು, ಖನಿಜ ಎಣ್ಣೆಯಲ್ಲ. ಖನಿಜ ಎಣ್ಣೆಗಾಗಿ ಆರಿಸಿದ ರಬ್ಬರಿನ ಸೀಲುಗಳು ಅದರಲ್ಲಿ ಊದಿ ಮೆತ್ತಗಾಗಿ ಕೆಟ್ಟುಹೋಗುತ್ತವೆ.

ಇಲ್ಲಿ ಅಂಕಿಗಳ ಗೊಂದಲವನ್ನೂ ಹೇಳಬೇಕು. ಗೇರ್ ಆಯಿಲ್ಲಿನ 90, ಎಂಜಿನ್ ಆಯಿಲ್ಲಿನ 40, ಹೈಡ್ರಾಲಿಕ್ ಎಣ್ಣೆಯ 68 ಇವು ಮೂರು ಬೇರೆಬೇರೆ ಅಳತೆಗೋಲುಗಳ ಅಂಕಿಗಳು. ಮೊದಲೆರಡು ಅಮೆರಿಕದ ಎಸ್.ಎ.ಇ. ಸಂಘದವು, ಆದರೂ ಗೇರಿಗೆ ಒಂದು ಕೋಲು, ಎಂಜಿನ್ನಿಗೆ ಮತ್ತೊಂದು. 90 ಎಂಬ ಗೇರ್ ಆಯಿಲ್ಲು 40 ಎಂಬ ಎಂಜಿನ್ ಆಯಿಲ್ಲಿಗಿಂತ ಎರಡು ಪಟ್ಟು ಮಂದವೇನೂ ಅಲ್ಲ, ಅವೆರಡೂ ಹತ್ತಿರಹತ್ತಿರವೇ. ಸೇರು, ಮೊಳಗಳನ್ನು ಹೋಲಿಸಲಾಗದಂತೆ ಈ ಅಂಕಿಗಳನ್ನೂ ನೇರವಾಗಿ ಹೋಲಿಸಲಾಗದು.

8. ನೀರು, ಗಾಳಿ, ಧೂಳು

ಸರಿಯಾದ ಎಣ್ಣೆಯೂ ಮೂರು ಶತ್ರುಗಳಿಂದ ಕೆಡುತ್ತದೆ. ಹಗಲು ಬಿಸಿಯಾದ ಕವಚ ರಾತ್ರಿ ತಣಿದಾಗ ಒಳಗೆ ಎಳೆದುಕೊಂಡ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಕೆಸರುಗದ್ದೆಯಲ್ಲಿ ದುಡಿಯುವ ಟ್ರಾಕ್ಟರಿಗೆ ಸವೆದ ಸೀಲುಗಳಿಂದಲೂ ನೀರು ನುಗ್ಗುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆಯೆಂದು ಅರ್ಥ. ಸಂದೇಹವಿದ್ದಲ್ಲಿ ಕಾದ ಹೆಂಚಿನ ಮೇಲೆ ಒಂದು ತೊಟ್ಟು ಎಣ್ಣೆಯನ್ನು ಬಿಡಬೇಕು, ಮುಖವನ್ನು ದೂರವಿರಿಸಿಕೊಳ್ಳಬೇಕು. ಚಟಪಟನೆ ಸಿಡಿದರೆ ನೀರಿದೆ. ನೊರೆ ತುಂಬಿದ್ದರೆ ಹೀರುಕೊಳವೆಯಿಂದ ಗಾಳಿ ಸೇರುತ್ತಿರಬಹುದು, ಇಲ್ಲವೆ ಎಣ್ಣೆಯ ಮಟ್ಟ ತಗ್ಗಿರಬಹುದು. ಗಾಳಿ ಸುಲಭವಾಗಿ ಕುಗ್ಗುವುದರಿಂದ ಎತ್ತಿದ ಉಪಕರಣ ತೂಗಾಡುತ್ತದೆ.

ಧೂಳಿನ ಹಾನಿ ಕಣ್ಣಿಗೆ ಕಾಣದು. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್; ಪಂಪಿನ ಸಂದುಗಳನ್ನು ಸವೆಸುವ ಕಣಗಳು ಅದರ ಹತ್ತನೆಯ ಒಂದು ಪಾಲಿಗಿಂತಲೂ ಕಿರಿದಾಗಿರಬಹುದು. ಆದುದರಿಂದ ಎಣ್ಣೆ ತುಂಬುವ ಮುನ್ನ ಮುಚ್ಚಳದ ಸುತ್ತಲಿನ ಮಣ್ಣನ್ನು ಒರೆಸಬೇಕು, ಶುಚಿಯಾದ ಆಲಿಕೆಯನ್ನು ಬಳಸಬೇಕು, ಎಣ್ಣೆ ಬದಲಿಸುವಾಗ ಸೋಸುಕವನ್ನೂ ಬದಲಿಸಬೇಕು. ಅತಿಯಾದ ಶಾಖ ಮತ್ತೊಂದು ಕೇಡು: ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಎಣ್ಣೆ ಆಮ್ಲಜನಕದೊಡನೆ ಕೂಡಿ ಕೆಡುವ ವೇಗ ಸುಮಾರು ಎರಡರಷ್ಟಾಗುತ್ತದೆಂಬುದು ಸ್ಥೂಲ ನಿಯಮ. ಕಪ್ಪಗಾಗಿ ಸುಟ್ಟ ವಾಸನೆ ಬರುವ ಎಣ್ಣೆಗೆ ಹೊಸದನ್ನು ಬೆರೆಸಿ ಪ್ರಯೋಜನವಿಲ್ಲ.

9. ಆಯ್ಕೆಯ ಕ್ರಮ

ಇಷ್ಟನ್ನು ತಿಳಿದ ಮೇಲೆ ಆಯ್ಕೆಯನ್ನು ನಾಲ್ಕು ಪ್ರಶ್ನೆಗಳಿಗೆ ಇಳಿಸಬಹುದು.

ಮೊದಲನೆಯದು, ಈ ಟ್ರಾಕ್ಟರಿನ ಕೈಪಿಡಿ ಯಾವ ಮಾನಕವನ್ನು ಹೆಸರಿಸಿದೆ? ಸ್ವಂತ ಹೆಸರಿನ ಎಣ್ಣೆಯನ್ನು ಸೂಚಿಸಿದ್ದರೂ ಅದಕ್ಕೆ ಸಮನಾದ ಮಾನಕವನ್ನು ತಯಾರಕರಿಂದ ಕೇಳಿ ತಿಳಿಯಬಹುದು. ಎರಡನೆಯದು, ಬ್ರೇಕು ಎಣ್ಣೆಯಲ್ಲಿ ಮುಳುಗಿದೆಯೆ? ಮುಳುಗಿದ್ದರೆ ಅದಕ್ಕೆಂದೇ ತಯಾರಾದ ಎಣ್ಣೆಯ ಹೊರತು ಬೇರೆಯದು ಸಲ್ಲದು. ಬ್ರೇಕು ಹೊರಗಿದ್ದು, ಎತ್ತುವ ವ್ಯವಸ್ಥೆಗೆ ಬೇರೆಯೇ ತೊಟ್ಟಿಯಿದ್ದರೆ ಕೈಪಿಡಿ ಒಪ್ಪಿದ ಪಕ್ಷದಲ್ಲಿ ಸಾಮಾನ್ಯ ಹೈಡ್ರಾಲಿಕ್ ಎಣ್ಣೆ ಸಾಕು. ಮೂರನೆಯದು, ಊರಿನ ಅತಿ ತಣ್ಣನೆಯ ಬೆಳಗಿಗೂ ಅತಿ ಬಿಸಿಯ ಮಧ್ಯಾಹ್ನಕ್ಕೂ ಒಗ್ಗುವ ಸ್ನಿಗ್ಧತೆ ಯಾವುದು? ಕೈಪಿಡಿಯಲ್ಲಿ ಉಷ್ಣತೆಗೆ ಅನುಸಾರವಾದ ಪಟ್ಟಿ ಸಾಮಾನ್ಯವಾಗಿ ಇರುತ್ತದೆ. ನಾಲ್ಕನೆಯದು, ಈಗ ಒಳಗಿರುವುದು ಯಾವ ಎಣ್ಣೆ? ತಿಳಿಯದಿದ್ದರೆ ಮೇಲಿಂದ ತುಂಬುವುದಕ್ಕಿಂತ ಪೂರ್ತಿ ಬಸಿದು ಹೊಸದನ್ನು ಹಾಕುವುದು ಕ್ಷೇಮ. ಬೇರೆಬೇರೆ ಬೆರಕೆಗಳು ಕೂಡಿದಾಗ ಒಂದರ ಗುಣವನ್ನು ಇನ್ನೊಂದು ಕೆಡಿಸಬಹುದು.

ಬೆಲೆಯ ಪ್ರಶ್ನೆಯನ್ನು ನಾವು ಕೊನೆಗೆ ಇಟ್ಟಿರುವುದು ಅದು ಮುಖ್ಯವಲ್ಲವೆಂದಲ್ಲ. ಚಿಕ್ಕ ಟ್ರಾಕ್ಟರಿನ ತೊಟ್ಟಿಗೆ ಮಾದರಿಗೆ ತಕ್ಕಂತೆ ಹತ್ತರಿಂದ ಮೂವತ್ತು ಲೀಟರುಗಳವರೆಗೆ ಎಣ್ಣೆ ಬೇಕಾಗುತ್ತದೆ. ಸಣ್ಣ ಹಿಡುವಳಿಯ ರೈತನಿಗೆ ಇದು ಕಡಿಮೆ ಖರ್ಚಲ್ಲ. ಆದರೆ ಅಗ್ಗದ ಡಬ್ಬಿಯಿಂದ ಉಳಿಯುವ ಹಣವನ್ನು ಲೆಕ್ಕ ಹಾಕುವಾಗ ಪಂಪನ್ನೂ ಬ್ರೇಕಿನ ಬಿಲ್ಲೆಗಳನ್ನೂ ಹೊಸದಾಗಿ ಕೂಡಿಸುವ ವೆಚ್ಚವನ್ನೂ, ಉಳುಮೆಯ ಹದ ಮೀರುವಾಗ ಟ್ರಾಕ್ಟರು ಶೆಡ್ಡಿನಲ್ಲಿ ಬಿಚ್ಚಿ ಬಿದ್ದಿರುವ ದಿನಗಳನ್ನೂ ಅದೇ ಲೆಕ್ಕದ ಇನ್ನೊಂದು ಪಕ್ಕಕ್ಕೆ ಬರೆಯಬೇಕು. ಮನೆಯಲ್ಲಿ ಟ್ರಾಕ್ಟರಿರುವ ವಿದ್ಯಾರ್ಥಿಗಳು ಈ ತಿಂಗಳು ಕೈಪಿಡಿಯ ಆ ಪುಟವನ್ನು ತೆರೆದು, ಶೆಡ್ಡಿನಲ್ಲಿರುವ ಡಬ್ಬಿಯ ಮೇಲಿನ ಬರಹದೊಡನೆ ಹೋಲಿಸಿ ನೋಡಲಿ.